ನಮ್ಮ ಸೀಮೆಯ ಊಟ: ರೊಟ್ಟಿ, ಅನ್ನ, ಮೀನು ಮತ್ತು ಪುಂಡಿ ಸೊಪ್ಪು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸ್ವಾಗತ ಸಮಿತಿಯವರು ನನಗೆ ಕೊಟ್ಟಿರುವ ವಿಷಯ ‘ನಮ್ಮ ಭಾಗದ ಆಹಾರ ಸಂಸ್ಕೃತಿ’. ಕೃಷಿ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು, ಬೀಜ ಗೊಬ್ಬರದ ಮಾತಿನ ಜೊತೆಗೆ ಊಟದ ಮಾತನ್ನೂ ಆಡಬಹುದು ಎಂದು ಅವರು ಭಾವಿಸಿರಬೇಕು. ಹೊತ್ತು ಊಟದ ಹೊತ್ತಾಗುತ್ತಿದೆ. ಹಿಂದಿನ ಪೆಂಡಾಲಿನಿಂದ ಒಗ್ಗರಣೆ ವಾಸನೆ ಬರುತ್ತಿದೆ. ಹಾಗಾಗಿ ನಿಮ್ಮನ್ನು ಬಹಳ ಹೊತ್ತು ಕೂರಿಸುವುದಿಲ್ಲ.

ನಮ್ಮ ಸೀಮೆಯ ಊಟ ಯಾವುದು ಎಂದು ಹೊರಗಿನವರು ಕೇಳಿದರೆ ನಾವು ಯೋಚನೆ ಮಾಡದೆ ಹೇಳುವ ಉತ್ತರ ಒಂದೇ: ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಉತ್ತರ ಸರಿ, ಆದರೆ ಅರ್ಧ ಮಾತ್ರ ಸರಿ. ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ತಾಲೂಕುಗಳಲ್ಲಿ ಇವತ್ತು ಮಧ್ಯಾಹ್ನ ಮನೆ ಮನೆಯಲ್ಲಿ ಏನು ಬೆಂದಿದೆ ಎಂದು ನೋಡಿದರೆ ನಾಲ್ಕೈದು ಭಾಷೆಗಳ, ಎರಡು ಮೂರು ದೇಶಗಳ ಅಡುಗೆ ಸಿಗುತ್ತದೆ. ಆ ಇನ್ನರ್ಧ ಉತ್ತರವನ್ನು ಈ ಶಾಲೆಯ ಮಕ್ಕಳ ಮುಂದೆ ಹೇಳಬೇಕು ಎಂದೇ ನಾನು ಬಂದಿದ್ದೇನೆ. ಯಾಕೆಂದರೆ ಆ ಮನೆಗಳಿಂದ ಬಂದ ಮಕ್ಕಳೂ ಇದೇ ಬೆಂಚುಗಳ ಮೇಲೆ ಕೂತಿದ್ದಾರೆ.

ಮೊದಲಿನಿಂದ ಬರೋಣ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ನಾವು. ಹಿಂದಿನವರು ಇದನ್ನು ಎಡೆದೊರೆ ನಾಡು ಎಂದು ಕರೆದರು, ಎರಡು ಹೊಳೆಗಳ ಎಡೆಯ ನಾಡು. ಎರಡು ಕಡೆ ಹೊಳೆ ಇದ್ದರೂ ನಡುವಿನ ಎರೆ ಹೊಲಕ್ಕೆ ನೀರಿರಲಿಲ್ಲ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಗುಳೆ. ಆ ಹೊಲ ಕೊಟ್ಟಿದ್ದು ಹಿಂಗಾರಿನ ಬಿಳಿಜೋಳ, ಸಜ್ಜೆ, ನವಣೆ, ಕಡಲೆ, ತೊಗರಿ, ಕುಸುಬೆ, ಅಗಸೆ, ಗುರೆಳ್ಳು. ನಮ್ಮ ಅಡುಗೆಯೆಲ್ಲ ಈ ಪಟ್ಟಿಯಿಂದಲೇ ಹುಟ್ಟಿತು. ರೊಟ್ಟಿ ಬಡಿದು ಒಣಗಿಸಿದರೆ ತಿಂಗಳುಗಟ್ಟಲೆ ಇರುತ್ತದೆ. ಹಿಂಡಿ ಕುಟ್ಟಿಟ್ಟರೆ ಕಾಯಿಪಲ್ಯ ಇಲ್ಲದ ದಿನ ಕಾಯುತ್ತದೆ. ನೀರಿಲ್ಲದ ನೆಲದ ಜಾಣ್ಮೆ ಇದು. ಅನ್ನ ಎಂಬುದು ಹಬ್ಬದ ದಿನ, ಬೀಗರು ಬಂದ ದಿನ, ಇಲ್ಲವೇ ಮನೆಯಲ್ಲಿ ಯಾರಿಗಾದರೂ ಜ್ವರ ಬಂದ ದಿನ. ‘ಇವತ್ತ ಯಾರು ಬಂದಾರಬೇ, ಅನ್ನಕ್ಕ ಇಟ್ಟೀದಿ?’ ಎಂದು ಮಕ್ಕಳು ತಾಯಿಯನ್ನು ಕೇಳುತ್ತಿದ್ದ ಕಾಲ ಅದು. ಇಲ್ಲಿ ಕುಳಿತ ಹಿರಿಯರಿಗೆ 1972ರ ಬರ ನೆನಪಿರಬೇಕು. ಆ ವರ್ಷ ರೊಟ್ಟಿಯೂ ಎಣಿಸಿ ಕೊಡುವಂಥದ್ದಾಗಿತ್ತು.

ಇದೇ ಹೊಲದ ಊಟದ ಜೊತೆ ಇನ್ನೆರಡು ಅಡುಗೆಮನೆಗಳು ಆಗಲೇ ಇದ್ದವು. 1948ರವರೆಗೆ ನಾವು ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ನಮ್ಮ ಮದುವೆ ಮನೆಗಳ ಬಗಾರಾ ಅನ್ನ, ದಾಲ್ಚಾ ಆ ಕಾಲದ ಬಳುವಳಿ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ಎಂದರೆ ದೂರದೂರದಿಂದ ಜನ ಬರುತ್ತಾರೆ. ಆಗ ಮಾಡುವ ಬೆಲ್ಲದ ಚೊಂಗೆಯನ್ನು ಮುಸ್ಲಿಮರ ಮನೆಯವರಷ್ಟೇ ಅಲ್ಲ, ಹರಕೆ ಹೊತ್ತ ಹಿಂದೂ ಮನೆಯವರೂ ಮಾಡಿ ಅಲಾಯಿಗೆ ಒಯ್ಯುತ್ತಾರೆ. ಗುಡ್ಡದ ಬದಿಯ ತಾಂಡಾಗಳಲ್ಲಿ ಲಂಬಾಣಿ ಅಕ್ಕಂದಿರು ರೊಟ್ಟಿಗೆ ಬಾಟಿ ಎನ್ನುತ್ತಾರೆ. ಹೆಸರು ಬೇರೆ, ಹೆಂಚು ಒಂದೇ. ಹಟ್ಟಿಯ ಚಿನ್ನದ ಗಣಿಗೆ ದುಡಿಯಲು ಬಂದವರು ತಮ್ಮ ತಮ್ಮ ಊರಿನ ಸಾರು ಪಲ್ಯಗಳನ್ನು ಹಟ್ಟಿಗೆ ತಂದರು.

ಆಮೇಲೆ ನೀರು ಬಂತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಕಾಲುವೆ ಸಿಂಧನೂರು ಸೀಮೆಗೆ ಮುಟ್ಟಿದ ಮೇಲೆ ಕಪ್ಪು ನೆಲ ಹಸಿರಾಯಿತು. ಯೋಜನೆ ಮಾಡಿದ ಇಂಜಿನಿಯರುಗಳ ಲೆಕ್ಕದಲ್ಲಿ ಇದು ಭತ್ತದ ಕಾಲುವೆ ಆಗಿರಲಿಲ್ಲ. ನೀರನ್ನು ತೆಳ್ಳಗೆ ಹರಡಿ, ಜೋಳ, ಶೇಂಗಾ, ಹತ್ತಿಯಂಥ ಅರೆ ನೀರಾವರಿ ಬೆಳೆಗಳಿಗೆ ಕೊಟ್ಟು, ಹೆಚ್ಚು ಹೊಲಗಳನ್ನು ಬರದಿಂದ ಕಾಪಾಡುವುದು ಅವರ ಉದ್ದೇಶವಾಗಿತ್ತು. ಆದರೆ ಕಾಲುವೆ ನೀರಿನ ಒಕ್ಕಲುತನ ನಮ್ಮ ಹಿರಿಯರಿಗೆ ಹೊಸದು. ಅದನ್ನು ಬಲ್ಲವರು ಕೃಷ್ಣಾ, ಗುಂಟೂರು, ಗೋದಾವರಿ ಜಿಲ್ಲೆಗಳ ಕಡೆಯಿಂದ ಬಂದರು. ಅಲ್ಲಿಯ ಹೊಲ ಮಾರಿ ಇಲ್ಲಿ ಹೊಲ ಕೊಂಡರು, ಕಾಲುವೆ ಬದಿಗೆ ಗುಡಿಸಲು ಹಾಕಿದರು. ಆ ವಸತಿಗಳಿಗೆ ಕ್ಯಾಂಪ್ ಎಂಬ ಹೆಸರು ಬಿತ್ತು. ಅವರು ಮಡಿ ಕಟ್ಟಿದರು, ಸಸಿ ನಾಟಿ ಮಾಡಿದರು, ನಮ್ಮವರು ಅವರ ಗದ್ದೆಗೆ ಕೂಲಿಗೆ ಹೋದರು. ಕೂಲಿ ಜೋಳದ ಬದಲು ಭತ್ತದಲ್ಲಿ ಬಂತು. ಭತ್ತ ಮನೆಗೆ ಬಂದ ಮೇಲೆ ಒಲೆ ಮೇಲೆ ಅನ್ನ ಬಂತು. ಹೀಗೆ ಒಂದೇ ತಲೆಮಾರಿನಲ್ಲಿ ನಮ್ಮ ಊಟ ಬದಲಾಯಿತು.

ನಾನು ಇಲಾಖೆಯಲ್ಲಿದ್ದಾಗ ರೈತರಿಗೆ ಹೇಳುತ್ತಿದ್ದ ಒಂದು ಸಂಗತಿಯನ್ನು ಮಕ್ಕಳಿಗೂ ಹೇಳುತ್ತೇನೆ. ಸಿಂಧನೂರು ಎಂದರೆ ಸೋನಾ ಮಸೂರಿ ಅಕ್ಕಿ ಎಂದು ಬೆಂಗಳೂರಿನ ಅಂಗಡಿಯವರೂ ಹೇಳುತ್ತಾರೆ. ಈ ಮಸೂರಿ ಎಂದರೆ ಏನು? ಬೇಳೆಯ ಮಸೂರಿ ಅಲ್ಲ. ಇದು ಮಲೇಷ್ಯಾ ದೇಶದ ಭತ್ತದ ತಳಿಯ ಹೆಸರು, ಮಹ್ಸೂರಿ. ತೈವಾನಿನ ತೈಚುಂಗ್ 65 ಎಂಬ ತಳಿಯನ್ನು ಮಲಯಾದ ಮಯಾಂಗ್ ಎಬೋಸ್ 80 ಎಂಬ ತಳಿಯೊಡನೆ ಕೂಡಿಸಿ ಪಡೆದ ಭತ್ತ ಅದು, 1965ರಲ್ಲಿ ಮಲೇಷ್ಯಾದಲ್ಲಿ ಬಿಡುಗಡೆಯಾಯಿತು. ನಮ್ಮ ದೇಶದ ವಿಜ್ಞಾನಿಗಳು ಅದನ್ನು ಸೋನಾ ಎಂಬ ತಳಿಯೊಡನೆ ಕೂಡಿಸಿದರು, ಸೋನಾ ಮಸೂರಿ ಆಯಿತು. ಆಂಧ್ರದ ಬಾಪಟ್ಲದಲ್ಲಿ ಬೆಳೆಸಿದ ಬಿಪಿಟಿ 5204 ಎಂಬ ಸಾಂಬಾ ಮಸೂರಿಯಲ್ಲೂ ಅದೇ ಮಹ್ಸೂರಿಯ ರಕ್ತವಿದೆ. ಮಹ್ಸೂರಿ ಎಂಬುದು ಅಲ್ಲಿಯ ಲಂಕಾವಿ ಎಂಬ ದ್ವೀಪದ ಜನಪದ ಕಥೆಯ ಹೆಣ್ಣುಮಗಳ ಹೆಸರೂ ಹೌದು. ಮಾಡದ ತಪ್ಪಿಗೆ ಅವಳನ್ನು ಕೊಂದರು, ಹರಿದ ರಕ್ತ ಬಿಳಿಯಾಗಿತ್ತು, ಏಳು ತಲೆಮಾರು ಈ ದ್ವೀಪಕ್ಕೆ ಏಳಿಗೆಯಿಲ್ಲ ಎಂದು ಅವಳು ಶಪಿಸಿದಳು ಎಂದು ಅಲ್ಲಿ ಹೇಳುತ್ತಾರೆ. 1821ರಲ್ಲಿ ಸಯಾಮಿನ ದಂಡು ಬಂದಾಗ ವೈರಿಗೆ ಸಿಗಬಾರದು ಎಂದು ಊರವರೇ ತಮ್ಮ ಅಕ್ಕಿ ರಾಶಿಗೆ ಬೆಂಕಿ ಇಟ್ಟರು ಎಂಬ ಕಥೆಯೂ ಅದರ ಬೆನ್ನಿಗಿದೆ. ನಮ್ಮ ಕಡೆಯ ಗ್ರಾಮದೇವತೆಗಳ ಕಥೆ ಕೇಳಿದ ಹಾಗಿಲ್ಲವೇ? ಸಾವಿರಾರು ಹರದಾರಿ ಆಚೆಯ ಹೆಸರನ್ನು ನಾವು ದಿನಾ ಉಣ್ಣುತ್ತಿದ್ದೇವೆ.

ನೀರಿನ ಬೆನ್ನಿಗೆ ಬಂದವರ ಮಾತು ಇದು. ದುಃಖದ ಬೆನ್ನಿಗೆ ಬಂದವರೂ ಇದ್ದಾರೆ. ದೇಶ ಒಡೆದ ಮೇಲೆ ಪೂರ್ವ ಪಾಕಿಸ್ತಾನದಲ್ಲಿ ಬಾಳಲಾಗದೆ ಬಂದ ಬಂಗಾಳಿ ಕುಟುಂಬಗಳಿಗೆ 1970ರ ಆಸುಪಾಸಿನಲ್ಲಿ ಸರ್ಕಾರ ಸಿಂಧನೂರು ತಾಲೂಕಿನಲ್ಲಿ ಜಮೀನು ಕೊಟ್ಟು ನೆಲೆ ಮಾಡಿಸಿತು. ಆರ್.ಎಚ್. ಕ್ಯಾಂಪ್ ಎಂದು ಒಂದು, ಎರಡು, ಮೂರು ಅಂತ ಸಂಖ್ಯೆ ಹಾಕಿ ಕರೆಯುವ ಪುನರ್ವಸತಿ ಕ್ಯಾಂಪುಗಳು ಅವು. 1962ರಲ್ಲಿ ಬರ್ಮಾದಲ್ಲಿ ಸೈನ್ಯದ ಆಡಳಿತ ಬಂದು, ಅಂಗಡಿ ವ್ಯಾಪಾರಗಳೆಲ್ಲ ಸರ್ಕಾರದ ಪಾಲಾದಾಗ ಅಲ್ಲಿಂದ ಬರಿಗೈಯಲ್ಲಿ ಮರಳಿದ ಭಾರತೀಯರಲ್ಲಿ ಕೆಲವು ಕುಟುಂಬಗಳೂ ಇಲ್ಲಿಗೇ ಬಂದವು. ಹೊಳೆ, ಕೆರೆ, ದೋಣಿ, ಮೀನುಗಳ ನಾಡಿನಿಂದ ಬಂದವರಿಗೆ ಈ ಎರೆ ನೆಲ, ಈ ಬಿಸಿಲು ಹೇಗನಿಸಿರಬೇಕು ಎಂದು ಯೋಚಿಸಿ.

ಅವರು ಏನು ತಂದರು? ಕೈಯಲ್ಲಿ ತರಲು ಏನೂ ಇರಲಿಲ್ಲ. ನಾಲಿಗೆಯ ನೆನಪನ್ನು ತಂದರು. ಎರಡು ಹೊತ್ತೂ ಅನ್ನ, ಜೊತೆಗೆ ಮೀನು, ಸಾಸಿವೆ ಎಣ್ಣೆ. ಜೀರಿಗೆ, ಮೆಂತ್ಯ, ಸೋಂಪು, ಕರಿಜೀರಿಗೆ, ಸಾಸಿವೆ ಐದೂ ಕೂಡಿದ ಒಗ್ಗರಣೆ, ಅದಕ್ಕೆ ಅವರು ಪಾಂಚ್ ಫೋಡನ್ ಎನ್ನುತ್ತಾರೆ. ಸಂಕ್ರಾಂತಿಗೆ ನಾವು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುವ ಹೊತ್ತಿಗೆ ಅವರ ಮನೆಯಲ್ಲಿ ಅಕ್ಕಿ ಹಿಟ್ಟು, ಕೊಬ್ಬರಿ, ಬೆಲ್ಲದ ಪಿಠೆ ಮಾಡುತ್ತಾರೆ. ಅವರು ಮುಡಿ ಎನ್ನುವುದು ನಮ್ಮ ಮಂಡಾಳು. ನಾವು ಅದಕ್ಕೆ ಒಗ್ಗರಣೆ ಹಾಕಿ ಮಿರ್ಚಿ ಭಜಿಯ ಜೊತೆ ತಿನ್ನುತ್ತೇವೆ, ಅವರು ಸಾಸಿವೆ ಎಣ್ಣೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಕಲಸಿ ತಿನ್ನುತ್ತಾರೆ. ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಉಣ್ಣುವುದಕ್ಕೆ ಬಂಗಾಳಿಯಲ್ಲಿ ಪಾಂತಾ ಭಾತ್, ತೆಲುಗಿನಲ್ಲಿ ಚದ್ದನ್ನಂ, ನಮ್ಮಲ್ಲಿ ತಂಗಳನ್ನ. ಮಜ್ಜಿಗೆ ಹಾಕಿದರೂ ಅಷ್ಟೇ, ನೀರು ಹಾಕಿದರೂ ಅಷ್ಟೇ. ಬಿಸಿಲಲ್ಲಿ ಗದ್ದೆಗೆ ಇಳಿಯುವ ಮನುಷ್ಯನ ಹೊಟ್ಟೆ ತಣ್ಣಗಿಡಲು ಮೂರು ನಾಡಿನ ತಾಯಂದಿರೂ ಒಂದೇ ಉಪಾಯ ಮಾಡಿದ್ದಾರೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ, ಇದು ನಮ್ಮ ಹೆಮ್ಮೆಯ ಪುಂಡಿಯದು. ನಮ್ಮ ಹಿರಿಯರು ಹೊಲದ ಬದುವಿಗೆ ಪುಂಡಿ ಹಾಕುತ್ತಿದ್ದರು. ಎಳೆಯ ಸೊಪ್ಪು ಪಲ್ಯಕ್ಕೆ, ಬಲಿತ ದಂಟನ್ನು ನೀರಲ್ಲಿ ನೆನೆಹಾಕಿ ನಾರು ತೆಗೆದರೆ ಎತ್ತಿನ ಹಗ್ಗ, ಮಿಣಿಗೆ. ಪುಂಡಿ ಪಲ್ಯ ಎಂದರೆ ನಮ್ಮದು, ಮತ್ತೆ ಯಾರಿಗೂ ಇದರ ರುಚಿ ಗೊತ್ತಿಲ್ಲ ಎಂದು ನಾವು ತಿಳಿದಿದ್ದೇವೆ. ಆಂಧ್ರ ಕ್ಯಾಂಪಿನವರು ಬಂದರು, ಅವರ ಭರಣಿಯಲ್ಲಿ ಗೋಂಗೂರ ಉಪ್ಪಿನಕಾಯಿ ಇತ್ತು. ಗೋಂಗೂರ ಎಂದರೆ ಇದೇ ಪುಂಡಿಯ ಕುಲ. ಬಂಗಾಳದಲ್ಲಿ ಇದೇ ಕುಲದ ಗಿಡಕ್ಕೆ ಮೇಸ್ತಾ ಎನ್ನುತ್ತಾರೆ, ಅಲ್ಲಿಯೂ ನಾರು ಹಗ್ಗಕ್ಕೆ, ಹುಳಿ ಸೊಪ್ಪು ಅಡುಗೆಗೆ. ಇನ್ನು ಬರ್ಮಾದಲ್ಲಿ ಇದರ ಹೆಸರು ಚಿನ್ ಬಾಂಗ್, ಹುಳಿ ಸೊಪ್ಪು ಅಂತಲೇ ಅರ್ಥ. ಅದನ್ನು ಒಣ ಸಿಗಡಿ, ಮೆಣಸಿನಕಾಯಿ ಹಾಕಿ ಹುರಿದು ಅನ್ನಕ್ಕೆ ಹಚ್ಚಿಕೊಳ್ಳುವುದು ಅಲ್ಲಿಯ ಬಡವರ ಮನೆಯ ದಿನದ ಊಟ. ನಾಲ್ಕು ಕಡೆಯಿಂದ ಬಂದ ನಾಲ್ವರು ಒಂದೇ ಸೊಪ್ಪನ್ನು ನಾಲ್ಕು ಹೆಸರಿನಿಂದ ಕರೆಯುತ್ತಿದ್ದಾರೆ. ಹಾಗಾದರೆ ಪುಂಡಿ ಯಾರದು? ಮಕ್ಕಳೇ, ಇದಕ್ಕೆ ಉತ್ತರ ಪರೀಕ್ಷೆಗೆ ಬರುವುದಿಲ್ಲ. ಆದರೂ ಯೋಚಿಸಿ.

ನಾನು ಓದುತ್ತಿದ್ದಾಗ ಕ್ಯಾಂಪಿನಿಂದ ಬರುತ್ತಿದ್ದ ನನ್ನ ಸಹಪಾಠಿಯೊಬ್ಬ ಊಟದ ಡಬ್ಬಿಯನ್ನು ಬೇವಿನ ಗಿಡದ ಆಚೆಗೆ ಒಯ್ದು, ನಮಗೆ ಬೆನ್ನು ಮಾಡಿ ಉಣ್ಣುತ್ತಿದ್ದ. ಸಾಸಿವೆ ಎಣ್ಣೆಯ, ಮೀನಿನ ವಾಸನೆಗೆ ಕೆಲವರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ನಮ್ಮ ವಿಜ್ಞಾನದ ಗುರುಗಳು ಶುದ್ಧ ಸಸ್ಯಾಹಾರಿ, ಲಿಂಗಪೂಜೆ ಮಾಡದೆ ನೀರು ಮುಟ್ಟದವರು. ಅವರು ಯಾರನ್ನೂ ಬೈಯಲಿಲ್ಲ. ಮೀನಿನ ಪಾಠ ಬಂದ ದಿನ ಆ ಹುಡುಗನನ್ನು ಹಲಗೆಯ ಹತ್ತಿರ ಕರೆದು, ‘ನಿಮ್ಮ ಮನ್ಯಾಗ ಯಾವ್ಯಾವ ಮೀನಿಗೆ ಏನೇನಂತಾರ, ಬರಿ ತಮ್ಮಾ’ ಎಂದರು. ಅವನು ರುಯಿ, ಕಾತ್ಲಾ, ಶೋಲ್, ಮಾಗುರ್ ಎಂದು ಬರೆದ. ಶೋಲ್ ಎಂದರೆ ನಮ್ಮ ಕೊರಮೀನು ಎಂದು ಬೆಸ್ತರ ಓಣಿಯ ಹುಡುಗ ಎದ್ದು ಹೇಳಿದ. ಆ ದಿನ ಕಾಲುವೆಯಲ್ಲಿ ಎಷ್ಟು ಬಗೆಯ ಮೀನು ಇವೆ ಎಂಬುದು ಇಡೀ ತರಗತಿಗೆ ಗೊತ್ತಾಯಿತು. ಗುರುಗಳು ಮೀನು ತಿನ್ನಲಿಲ್ಲ, ತಿನ್ನಿರಿ ಎಂದೂ ಹೇಳಲಿಲ್ಲ. ತಿನ್ನುವವನ ಜ್ಞಾನಕ್ಕೆ ಹಲಗೆ ಮೇಲೆ ಜಾಗ ಕೊಟ್ಟರು.

ಆ ಗುರುಗಳು ಮಾಡಿದ್ದರ ಬೆಲೆ ನನಗೆ ಚೆನ್ನಾಗಿ ತಿಳಿದದ್ದು ನಿವೃತ್ತಿಯ ನಂತರ, ಮಗನ ಕೆಲಸದ ನಿಮಿತ್ತ ಒಂದು ತಿಂಗಳು ಮಲೇಷ್ಯಾದ ಪಿನಾಂಗ್ ದ್ವೀಪದಲ್ಲಿದ್ದಾಗ. ಅದರ ಹೆಸರಿನ ಅರ್ಥವೇ ಅಡಕೆ ದ್ವೀಪ ಎಂದು. 1786ರಲ್ಲಿ ಇಂಗ್ಲಿಷ್ ಕಂಪನಿಯವರು ಅಲ್ಲಿ ಬಂದರು ಕಟ್ಟಿದ ಮೇಲೆ ಮಲಯರ ಜೊತೆಗೆ ಚೀನಿಯರು, ತಮಿಳರು, ಅರಬರು, ಬರ್ಮಾದವರು, ಸಯಾಮಿನವರು ಎಲ್ಲ ಬಂದು ಸೇರಿದರು. ಅಲ್ಲಿಯ ಜಾರ್ಜ್ ಟೌನ್ ಪಟ್ಟಣವನ್ನು 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಚೀನಿಯರ ಗುಡಿ, ಮಾರಿಯಮ್ಮನ ಗುಡಿ, ಮಸೀದಿ, ಚರ್ಚು ಎಲ್ಲ ಕೂಗಳತೆಯಲ್ಲಿ ಇವೆ.

ಸಂಜೆ ಆಯಿತೆಂದರೆ ಊರೆಲ್ಲ ಬಯಲಿನ ಗಾಡಿ ಅಂಗಡಿಗಳ ಮುಂದೆ. ಅಲ್ಲಿ ನಾಸಿ ಕಂದರ್ ಎಂಬ ಊಟ ಇದೆ. ನಾಸಿ ಎಂದರೆ ಅನ್ನ, ಕಂದರ್ ಎಂದರೆ ಎರಡೂ ತುದಿಗೆ ಪಾತ್ರೆ ತೂಗಿಬಿಟ್ಟು ಹೆಗಲ ಮೇಲೆ ಹೊರುವ ಅಡ್ಡೆ, ನಮ್ಮ ಕಾವಡಿಯ ಹಾಗೆ. ತಮಿಳು ಮುಸ್ಲಿಮರು ಹಿಂದೆ ಹೀಗೆ ಅನ್ನ ಸಾರು ಹೊತ್ತು ಬಂದರಿನ ಕೂಲಿಗಳಿಗೆ ಮಾರುತ್ತಿದ್ದರು. ಹೊರೆ ಇಳಿದು ಎಷ್ಟೋ ವರ್ಷವಾಯಿತು, ಹೆಸರಿನಲ್ಲಿ ಮಾತ್ರ ಹಾಗೇ ಉಳಿದಿದೆ. ಅಸಂ ಲಕ್ಸಾ ಎಂಬುದು ಹುಳಿ ಮೀನು ಸಾರಿನಲ್ಲಿ ಅಕ್ಕಿಯ ಶಾವಿಗೆ ಹಾಕಿದ್ದು, ಅಸಂ ಎಂದರೆ ಹುಳಿ. ರೊಟಿ ಚನಾಯ್ ಎಂಬುದು ನಮ್ಮ ಪರೋಟವೇ, ಬೇಳೆ ಸಾರಿನ ಜೊತೆ ಕೊಡುತ್ತಾರೆ. ಚೀನದಿಂದ ಬಂದ ಗಂಡಸರು ಅಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾಗಿ ಹುಟ್ಟಿದ ಸಂಸಾರಗಳ ಅಡುಗೆಗೆ ನ್ಯೋನ್ಯಾ ಅಡುಗೆ ಎಂದು ಹೆಸರು. ನ್ಯೋನ್ಯಾ ಎಂದರೆ ಆ ಮನೆತನಗಳ ಹೆಣ್ಣುಮಗಳು. ಅಡುಗೆ ಮಾಡಿದವಳ ಹೆಸರಿನಲ್ಲೇ ಅಡುಗೆ ಉಳಿದಿದೆ.

ನಾನು ಗಮನಿಸಿದ್ದು ಎರಡು ಸಂಗತಿ. ಒಂದು, ಅಲ್ಲಿ ಎಲ್ಲರೂ ಎಲ್ಲವನ್ನೂ ತಿನ್ನುವುದಿಲ್ಲ. ಮುಸ್ಲಿಮರಿಗೆ ಹಂದಿ ವರ್ಜ್ಯ, ಹಿಂದೂಗಳಲ್ಲಿ ಹಲವರಿಗೆ ದನದ ಮಾಂಸ ವರ್ಜ್ಯ, ಬೌದ್ಧರಲ್ಲಿ ಶುದ್ಧ ಸಸ್ಯಾಹಾರಿಗಳಿದ್ದಾರೆ. ಅವರವರ ಅಂಗಡಿ, ಅವರವರ ಪಾತ್ರೆ ಬೇರೆ. ಪಕ್ಕದ ಸಿಂಗಾಪುರ ದ್ವೀಪದಲ್ಲಂತೂ ಉಂಡ ತಟ್ಟೆ ಇಡುವ ಕಪಾಟು ಕೂಡ ಬೇರೆ ಬೇರೆ ಇರುತ್ತವೆ. ಸಿಂಗಾಪುರದ ಈ ಬೀದಿ ಊಟದ ಪದ್ಧತಿಯನ್ನು 2020ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪಾತ್ರೆ ಬೇರೆಯಾದರೂ ಬಯಲು ಒಂದೇ. ಯಾರೂ ಡಬ್ಬಿ ಹಿಡಿದು ಗಿಡದ ಆಚೆಗೆ ಹೋಗಬೇಕಿಲ್ಲ. ಎರಡನೆಯದು, ಯಾವ ತಿನಿಸು ಯಾರು ತಂದದ್ದು ಎಂದು ಅಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ತಮಿಳರು ತಂದದ್ದು, ಚೀನಿಯರು ತಂದದ್ದು ಎನ್ನುತ್ತಾರೆ, ಅದರ ಜೊತೆಗೇ ‘ನಮ್ಮ ಪಿನಾಂಗಿನದು’ ಎಂದೂ ಹೇಳುತ್ತಾರೆ.

ಆ ದೇಶ ಸ್ವರ್ಗ ಎಂದು ನಾನು ಹೇಳುತ್ತಿಲ್ಲ. 1969ರ ಮೇ 13ರಂದು ಅದರ ರಾಜಧಾನಿ ಕೌಲಾಲಂಪುರದಲ್ಲಿ ಮಲಯರಿಗೂ ಚೀನಿಯರಿಗೂ ದೊಡ್ಡ ಗಲಭೆಯಾಗಿ ಬಹಳ ಜನ ಸತ್ತರು. ಒಬ್ಬರ ಅಡುಗೆ ಇನ್ನೊಬ್ಬರು ಉಂಡ ಮಾತ್ರಕ್ಕೆ ಜಗಳ ನಿಲ್ಲುವುದಿಲ್ಲ. ಊಟದ ಜೊತೆ ನ್ಯಾಯವೂ ಬೇಕು. ಈ ಮಾತು ನಮಗೂ ಸಲ್ಲುತ್ತದೆ.

ಕ್ಯಾಂಪ್ ಎಂಬ ಶಬ್ದವನ್ನೇ ನೋಡಿ. ಕ್ಯಾಂಪ್ ಎಂದರೆ ನಾಲ್ಕು ದಿನದ ಬಿಡಾರ. ಆಂಧ್ರದಿಂದ ಬಂದವರ ಮೊಮ್ಮಕ್ಕಳು, ಬಂಗಾಳದಿಂದ ಬಂದವರ ಮೊಮ್ಮಕ್ಕಳು ಇಲ್ಲೇ ಹುಟ್ಟಿದ್ದಾರೆ, ಇದೇ ಶಾಲೆಯಲ್ಲಿ ಕನ್ನಡ ಕಲಿತಿದ್ದಾರೆ, ಕನ್ನಡದಲ್ಲಿ ನನಗಿಂತ ಹೆಚ್ಚು ಅಂಕ ತೆಗೆದಿದ್ದಾರೆ. ನಮ್ಮ ಶಾಲೆಗೆ 50 ವರ್ಷ ತುಂಬಿತು ಎಂದು ಹೆಮ್ಮೆಯಿಂದ ತೋರಣ ಕಟ್ಟಿದ್ದೇವೆ. ಬಂಗಾಳಿ ಕುಟುಂಬಗಳು ಈ ಮಣ್ಣಿಗೆ ಬಂದು ಅದಕ್ಕಿಂತ ಹೆಚ್ಚು ವರ್ಷವಾಯಿತು. ಶಾಲೆ ಊರಿನದಾಯಿತು, ಅವರು ಇನ್ನೂ ‘ಕ್ಯಾಂಪಿನವರು’. ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ನಾಮಶೂದ್ರರು ಕರ್ನಾಟಕದ ಪಟ್ಟಿಯಲ್ಲಿಲ್ಲ. ಹಾಗಾಗಿ ಅಲ್ಲಿಯ ಬಂಧುವಿನ ಮಗುವಿಗೆ ಸಿಗುವ ವಿದ್ಯಾರ್ಥಿ ವೇತನ ಇಲ್ಲಿಯ ಮಗುವಿಗಿಲ್ಲ. ತಡವಾಗಿ ಬಂದ ಕೆಲವರಿಗೆ ಪೌರತ್ವದ ಕಾಗದವೇ ವರ್ಷಗಟ್ಟಲೆ ಚಿಂತೆಯಾಗಿ ಕಾಡಿದೆ. ಇವು ಸರ್ಕಾರ ಬಗೆಹರಿಸಬೇಕಾದ ಸಂಗತಿಗಳು. ಆದರೆ ಊರವರು ಇವರು ನಮ್ಮವರು ಎಂದು ಗಟ್ಟಿಯಾಗಿ ಹೇಳಿದರೆ ಸರ್ಕಾರಕ್ಕೂ ಬೇಗ ಕೇಳಿಸುತ್ತದೆ.

ಇನ್ನೊಂದು ನ್ಯಾಯದ ಮಾತು ನೀರಿನದು. ಕಾಲುವೆಯ ತಲೆಯಲ್ಲಿ ವರ್ಷಕ್ಕೆ ಎರಡು ಭತ್ತ ಬೆಳೆದರೆ ಕೊನೆಯ ಭಾಗದ ಮಾನ್ವಿ, ರಾಯಚೂರು ಕಡೆಯ ಹೊಲಗಳಿಗೆ ನೀರು ಮುಟ್ಟುವುದಿಲ್ಲ. ಮಸ್ಕಿ ಭಾಗದ ಒಣ ಊರುಗಳ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕುಳಿತದ್ದನ್ನು ನೀವೆಲ್ಲ ಬಲ್ಲಿರಿ. ಇಂದಿಗೂ ಆ ಕಡೆಯ ಎಷ್ಟೋ ಮಕ್ಕಳು ಸುಗ್ಗಿ ಮುಗಿದ ಮೇಲೆ ತಂದೆತಾಯಿಯರ ಜೊತೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೈರು ಬೀಳುತ್ತದೆ. ಇತ್ತ ಅತಿ ನೀರುಂಡ ಗದ್ದೆಗಳು ಸವಳು, ಜವಳು ಆಗಿವೆ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ನಿದ್ದೆ ಮಾಡಲಿಲ್ಲ. ನಮ್ಮ ಅನ್ನದ ಬಟ್ಟಲು ಎಷ್ಟು ಸಣ್ಣ ಸರಪಳಿಗೆ ತೂಗಿಕೊಂಡಿದೆ ಎಂದು ಆ ರಾತ್ರಿ ಕಂಡಿತು.

ಅದಕ್ಕೆ ನಾನು ರೈತ ಬಂಧುಗಳಿಗೆ ಕೈಮುಗಿದು ಹೇಳುವುದು: ಅನ್ನ ಬಿಡಿರಿ ಎನ್ನುವುದಿಲ್ಲ. ಆದರೆ ಜೋಳವನ್ನು ಮರೆಯಬೇಡಿರಿ. ಹಿಂಗಾರಿಗೆ ಎರಡನೇ ಭತ್ತದ ಬದಲು ನಾಲ್ಕು ಎಕರೆಯಲ್ಲಿ ಒಂದೆಕರೆ ಜೋಳ, ಕಡಲೆ ಹಾಕಿರಿ. ದನಕ್ಕೆ ಸೊಪ್ಪೆ ಸಿಗುತ್ತದೆ, ನೆಲಕ್ಕೆ ವಿಶ್ರಾಂತಿ ಸಿಗುತ್ತದೆ, ಕೆಳಗಿನ ಹೊಲದವನಿಗೆ ನೀರು ಸಿಗುತ್ತದೆ. ಕಾಲುವೆಯ ತುದಿಯ ರೈತನ ಪಾಲು ನಮ್ಮ ತಟ್ಟೆಯ ಅನ್ನದಲ್ಲಿ ಇದೆ ಎಂಬುದನ್ನು ನೆನಪಿಡಬೇಕು.

ಶಾಲೆಯ ಊಟದ ಬಗ್ಗೆಯೂ ಒಂದು ಮಾತು. ನಮ್ಮ ರಾಜ್ಯದ ಬಿಸಿಯೂಟ, ಅಕ್ಷರ ದಾಸೋಹ, 2002ರಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಆಮೇಲೆ ಪ್ರೌಢಶಾಲೆಗೂ ಬಂತು. 2021ರ ಕೊನೆಗೆ ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದರು, ಒಲ್ಲದವರಿಗೆ ಬಾಳೆಹಣ್ಣು. ಪರ ವಿರೋಧ ಚರ್ಚೆ ಬಹಳ ಆಯಿತು. ಆದರೆ ಮಕ್ಕಳು ಅದನ್ನು ಎಷ್ಟು ಸಲೀಸಾಗಿ ಬಗೆಹರಿಸಿಕೊಂಡರು ನೋಡಿರಿ. ಒಂದೇ ಸಾಲಿನಲ್ಲಿ ಕೂತು ಒಬ್ಬ ಮೊಟ್ಟೆ ಸುಲಿಯುತ್ತಾನೆ, ಪಕ್ಕದವಳು ಬಾಳೆಹಣ್ಣು ಸುಲಿಯುತ್ತಾಳೆ. ಪಿನಾಂಗಿನ ಬಯಲನ್ನು ನೋಡಲು ಹಡಗು ಹತ್ತಬೇಕಾಗಿಲ್ಲ, ನಮ್ಮ ಶಾಲೆಯ ಪಡಸಾಲೆಯಲ್ಲೇ ಅದಿದೆ. ಬೆಳಿಗ್ಗೆಯಿಂದ ಹೊಗೆಯಲ್ಲಿ ನಿಂತು ಅಡುಗೆ ಮಾಡುವ ನಮ್ಮ ಅಕ್ಕಂದಿರಿಗೆ ಈ ವೇದಿಕೆಯಿಂದ ಒಂದು ಚಪ್ಪಾಳೆ ತಟ್ಟೋಣ.

ಕೊನೆಯದಾಗಿ ಒಂದು ಕೆಲಸದ ಮಾತು. ಅಡುಗೆಯ ವಿಷಯ ಬರೆದಿಡುವಷ್ಟು ದೊಡ್ಡದೇ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಸಿಕ್ಕ ಶಾಸನದಿಂದಲೇ ದೇವಾನಾಂಪ್ರಿಯ ಎಂದರೆ ಅಶೋಕ ಎಂದು ಲೋಕಕ್ಕೆ ಖಚಿತವಾಯಿತು ಎಂದು ಪಾಠದಲ್ಲಿ ಓದಿದ್ದೀರಿ. ಅದೇ ಅಶೋಕ ಬೇರೆ ಕಡೆಯ ತನ್ನ ಮೊದಲ ಬಂಡೆ ಶಾಸನದಲ್ಲಿ ಏನು ಬರೆಸಿದ್ದಾನೆ ಗೊತ್ತೇ? ತನ್ನ ಅರಮನೆಯ ಅಡುಗೆಮನೆಗೆ ಮೊದಲು ದಿನಾ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ, ಮುಂದೆ ಅದೂ ಇಲ್ಲ ಎಂದು. ಚಕ್ರವರ್ತಿಯೇ ತನ್ನ ಅಡುಗೆಮನೆಯ ಲೆಕ್ಕವನ್ನು ಕಲ್ಲಿನಲ್ಲಿ ಕೊರೆಸಿದ ಮೇಲೆ ನಾವು ನೋಟ್‌ಬುಕ್ಕಿನಲ್ಲಿ ಬರೆಯಲು ಏನು ಅಡ್ಡಿ?

ಒಂಬತ್ತನೇ ತರಗತಿಯ ಮಕ್ಕಳು ಈ ವರ್ಷ ಒಂದು ದಪ್ಪ ಪುಸ್ತಕ ತೆರೆಯಲಿ. ಪ್ರತಿಯೊಬ್ಬರೂ ಮನೆಯ ಅಜ್ಜಿಯನ್ನು, ಆಯಿಯನ್ನು, ಅಮ್ಮಮ್ಮನನ್ನು, ದೀದಿಮಾಳನ್ನು ನಾಲ್ಕು ಪ್ರಶ್ನೆ ಕೇಳಲಿ. ಬರಗಾಲದಲ್ಲಿ ಏನು ಉಂಡಿರಿ? ಹಬ್ಬಕ್ಕೆ ಏನು ಮಾಡುತ್ತೀರಿ? ಈ ಅಡುಗೆ ನಿಮಗೆ ಯಾರು ಕಲಿಸಿದರು? ಈ ಊರಿಗೆ ಬಂದ ಮೇಲೆ, ಇಲ್ಲವೇ ಬೇರೆಯವರು ಈ ಊರಿಗೆ ಬಂದ ಮೇಲೆ, ನಿಮ್ಮ ಅಡುಗೆಯಲ್ಲಿ ಏನು ಬದಲಾಯಿತು? ಉತ್ತರವನ್ನು ಅವರ ಮಾತಿನಲ್ಲೇ ಕನ್ನಡ ಅಕ್ಷರದಲ್ಲಿ ಬರೆಯಲಿ. ಊರು ಬಿಟ್ಟು ಬಂದ ತಲೆಮಾರಿನ ತಾಯಂದಿರು ಈಗ ಎಂಬತ್ತು ದಾಟಿದ್ದಾರೆ. ನವಣೆ ಅನ್ನ ಬಸಿದ, ಹಗೇವಿನಿಂದ ಜೋಳ ತೆಗೆದ ನಮ್ಮ ಅಜ್ಜಿಯರೂ ಅಷ್ಟೇ. ಅವರು ಹೋದ ಮೇಲೆ ಕೇಳಲು ಯಾರೂ ಉಳಿಯುವುದಿಲ್ಲ. ಆ ಪುಸ್ತಕಕ್ಕೂ ಅದರ ಅಚ್ಚಿಗೂ ತಗಲುವ ಖರ್ಚನ್ನು ನಮ್ಮ ತಂಡದ ಹಳೆಯ ವಿದ್ಯಾರ್ಥಿಗಳು ಹೊರುತ್ತೇವೆ ಎಂದು ಮುಖ್ಯ ಗುರುಗಳಿಗೆ ಮಾತು ಕೊಟ್ಟಿದ್ದೇನೆ.

ಮುಂದೆ ಯಾರಾದರೂ ನಿಮ್ಮ ಸೀಮೆಯ ಊಟ ಯಾವುದು ಎಂದು ಕೇಳಿದರೆ ಮಕ್ಕಳು ರೊಟ್ಟಿ, ಪುಂಡಿ ಪಲ್ಯ ಎನ್ನಲಿ. ಅದರ ಜೊತೆಗೆ ಚೊಂಗೆ, ಬಾಟಿ, ಗೋಂಗೂರ, ಪಾಂತಾ ಭಾತ್, ಪಿಠೆ ಎಂದೂ ಹೇಳಲಿ. ಹೇಳುವಾಗ ‘ಅವರದು’ ಎನ್ನದೆ ‘ನಮ್ಮ ಸೀಮೆಯದು’ ಎನ್ನಲಿ. ನನ್ನ ಆಸೆ ಇಷ್ಟೇ.

  ಎಲ್ಲರೂ ಉಂಡು ಹೋಗಿರಿ.